ಜುಟ್ಟಿಲ್ಲದ ಕಾಯಿ

ನನ್ನ ಕುತ್ತಿಗೆಗೆ ಮಚ್ಚು ಒತ್ತಿ ಹಿಡಿದವನ ಬಾಯಿಂದ ಎಲೆಅಡಿಕೆ ವಾಸನೆ ಬರುತ್ತಿತ್ತು.

“ಬ್ಯಾಗ್ನಾಗೆ ಏನೈತೆ?”

“ತೆಂಗಿನಕಾಯಿ.”

“ತಮಾಸೆ ಮಾಡ್ತೀಯೇನ್ಲಾ?”

“ತೆಂಗಿನಕಾಯಿ ಗೋಡೌನಲ್ಲಿ ತೆಂಗಿನಕಾಯಿ ಇಟ್ಕೊಂಡ್ರೆ ತಮಾಷೆನಾ?”

ಮಚ್ಚು ಇನ್ನಷ್ಟು ಒತ್ತಿತು. ಚರ್ಮ ಉರಿಯಿತು. ದಿನಕ್ಕೆ ನೂರು ಎಳನೀರು ಕೆತ್ತಿ ಪಳಗಿದ ಮಚ್ಚು... ನನ್ನ ಕತ್ತು ಅದಕ್ಕೆ ಯಾವ ಲೆಕ್ಕ!

ಹಿಡಿದವನ ಹೆಸರು ಮಧುಕುಮಾರ್. ಅರಸೀಕೆರೆಯ ಸಿರಿಕಲ್ಪ ಎಕ್ಸ್‌ಪೋರ್ಟ್ಸ್‌ನ ಗೋಡೌನ್ ಕಾಯುವುದು, ಲೋಡ್ ಮಾಡಿಸುವುದು, ಕೆದಕಲು ಬಂದವರನ್ನು ಹೆದರಿಸುವುದು, ಎಲ್ಲ ಇವನದೇ.

ನಾನು ಸಿದ್ಧಾರ್ಥ. ಕಂಟೇನರ್ ಸರ್ವೇಯರ್. ಕಾಗದದಲ್ಲಿ ಬರೆದದ್ದೂ ಪೆಟ್ಟಿಗೆಯಲ್ಲಿ ತುಂಬಿದ್ದೂ ಒಂದೇನಾ ಎಂದು ನೋಡುವುದು ನನ್ನ ಕೆಲಸ. ಸಾಮಾನ್ಯವಾಗಿ ಒಂದೇ ಆಗಿರುವುದಿಲ್ಲ. ಅದಕ್ಕೇ ನನಗೆ ಕೆಲಸ ಇದೆ.

ಅವತ್ತು ಮಾತ್ರ ಯಾವ ಕಂಪನಿಯೂ ನನ್ನನ್ನು ಕಳಿಸಿರಲಿಲ್ಲ. ಪ್ರತಿಮಾ ಕರೆದಿದ್ದಳು.

ಮಚ್ಚು ಅಲ್ಲೇ ಇರಲಿ. ಮೂರು ಗಂಟೆ ಹಿಂದಕ್ಕೆ ಹೋಗೋಣ, ಬನ್ನಿ.

ಬೆಳಗ್ಗೆ ಎಂಟು. ಬಸ್ ಸ್ಟ್ಯಾಂಡ್ ಎದುರಿನ ಹೋಟೆಲು. ಪ್ರತಿಮಾ ಇಡ್ಲಿ ಮುಟ್ಟಿರಲಿಲ್ಲ. ಕಾಲೇಜಿನಲ್ಲಿ ನನ್ನ ಕ್ಲಾಸಿನವಳು. ಕಣಕಟ್ಟೆಯ ತೆಂಗು ಬೆಳೆಗಾರ ದೇವೀರಪ್ಪನವರ ಮಗಳು. ಸಿರಿಕಲ್ಪದಲ್ಲಿ ಎಕ್ಸ್‌ಪೋರ್ಟ್ ಕಾಗದಪತ್ರ ನೋಡಿಕೊಳ್ಳುತ್ತಾಳೆ.

“ಒಂದು ಸಹಿ ಹಾಕಿಬಿಟ್ಟಿದೀನಿ ಕಣೋ.”

“ಮದುವೆ ರಿಜಿಸ್ಟರಿಗಾ?”

“ಅದಾಗಿದ್ರೆ ಬಿಡಿಸ್ಕೋಬಹುದಿತ್ತು!”

ನಗಲಿಲ್ಲ ಅವಳು. ನಾನೂ ನಿಲ್ಲಿಸಿದೆ.

ವಿಷಯ ಇಷ್ಟು. ಟಿವಿಯಲ್ಲಿ ನೋಡಿರುತ್ತೀರಿ. ಎರಡು ಖಂಡಗಳ ಕೋಟುಗಳು ಕೈ ಕುಲುಕುತ್ತವೆ. ಹಿಂದೆ ಬಾವುಟ, ಮುಂದೆ ಹೂವಿನ ಕುಂಡ. ಐತಿಹಾಸಿಕ ವ್ಯಾಪಾರ ಒಪ್ಪಂದ ಎಂದು ಚಪ್ಪಾಳೆ! ಹೂವು, ಬಾವುಟ ತೆಗೆದು ನೋಡಿದರೆ ಒಳಗಿರುವುದು ನಾಲ್ಕೇ ಮಾತು. ನಿಮ್ಮ ಸರಕು ನಮ್ಮ ಬಾಗಿಲಿಗೆ ಬಂದರೆ ಸುಂಕ ಕೇಳೋದಿಲ್ಲ. ನಮ್ಮದು ಬಂದರೆ ನೀವೂ ಕೇಳಬೇಡಿ. ಬೇರೆಯವರಿಗೆ ಈ ರಿಯಾಯಿತಿ ಇಲ್ಲ. ಆದ್ದರಿಂದ ಬೇರೆಯವರ ಸರಕನ್ನು ನಮ್ಮದೇ ಎಂದು ನುಗ್ಗಿಸಬೇಡಿ.

ಪ್ರಪಂಚದ ಬುದ್ಧಿವಂತರೆಲ್ಲ ಓದುವುದು ಆ ಕೊನೆಯ ಮಾತನ್ನು ಮಾತ್ರ. ಪಾಲಿಸಲು ಅಲ್ಲ!

ಸಿರಿಕಲ್ಪದ ಯಜಮಾನ ಚನ್ನೇಶ್ ಕೂಡ ಓದಿದ್ದ. ಹಣೆ ತುಂಬ ವಿಭೂತಿ, ಮಠದ ದಾಸೋಹದ ಬೋರ್ಡಿನಲ್ಲಿ ಮೊದಲ ಹೆಸರು. ಯುರೋಪಿನ ಒಂದು ಚಾಕೊಲೇಟು ಕಂಪನಿಗೆ ಒಣ ತೆಂಗಿನ ಪುಡಿ ಕಳಿಸುತ್ತಾನೆ. ಪ್ರತಿ ಕಂಟೇನರ್ ಜೊತೆ ಒಂದು ಹಾಳೆ ಹೋಗಬೇಕು. ‘ಈ ಕಾಯಿ ಭಾರತದಲ್ಲೇ ಬೆಳೆದದ್ದು’ ಎಂಬ ಘೋಷಣೆ. ಕೆಳಗೆ ಒಬ್ಬರ ಸಹಿ. ನೀಲಿ ಇಂಕು, ಕೈಬರಹ. ಸುಳ್ಳಾದರೆ ಕೋರ್ಟಿಗೆ ಹೋಗಬೇಕಾದದ್ದು ಸಹಿ ಹಾಕಿದವರು.

“ಹೋದ ತಿಂಗಳು ಕಂಟೇನರ್ ನಂಬರ್ ಬಂದಿಲ್ಲ, ಜಾಗ ಬಿಟ್ಟು ಸೈನ್ ಹಾಕಿಡಮ್ಮ ಅಂದ್ರು. ಹಾಕಿದೆ. ಈಗ ನೋಡಿದ್ರೆ ನಮ್ಮೂರಿನ ಕಾಯಿ ಅಂತ ತುಂಬಿಸಿದಾರೆ. ಸಿದ್ಧಾರ್ಥ, ನಮ್ಮಪ್ಪನ ತೋಟದ ಕಾಯಿ ಇನ್ನೂ ಮರದಲ್ಲೇ ಇದಾವೆ. ಪೇಪರಲ್ಲಿ ಮಾತ್ರ ಪುಡಿಯಾಗಿ ಯುರೋಪಿಗೆ ಹೊರಟಿವೆ!”

“ಮತ್ತೆ ಗೋಡೌನಲ್ಲಿ ಇರೋದು ಯಾರ ಕಾಯಿ?”

“ಗೊತ್ತಿಲ್ಲ. ಒಳಗೆ ಬಿಡಲ್ಲ ನನ್ನ.”

“ಆ ಹಾಳೆ?”

“ಚನ್ನೇಶ್ ಸಾರ್ ಫೈಲಲ್ಲಿ. ಆ ಕಂಪನಿಯವನು ಬಂದಿದಾನೆ, ಆಂದ್ರೇಯಾಸ್ ಅಂತ. ಅವನು ಗೋಡೌನ್ ಕಡೆ ತಲೆ ಹಾಕದಿರಲಿ ಅಂತ ಹಳೇಬೀಡು, ಬೇಲೂರು ತೋರಿಸೋಕೆ ಕರ್ಕೊಂಡು ಹೋಗಿದಾರೆ. ಸಂಜೆ ಐದಕ್ಕೆ ಅವನು ಏರ್‌ಪೋರ್ಟಿಗೆ ಹೊರಡ್ತಾನೆ. ಹಾಳೆ ಅವನ ಕೈಲಿ ಹೋಗುತ್ತೆ.” ಲೋಟ ಪಕ್ಕಕ್ಕೆ ಸರಿಸಿದಳು. “ಅದು ವಾಪಸ್ ಬೇಕು ಕಣೋ. ನಂಗೆ ಇನ್ನೇನೂ ಬೇಡ.”

ಪುಡಿ ಮಾಡಿದ ಮೇಲೆ ಕಾಯಿಗೆ ಊರಿಲ್ಲ. ಯಾವ ಲ್ಯಾಬೂ ಹೇಳಲಾರದು. ಪುಡಿಯಾಗದ ಒಂದು ಕಾಯಿ ಬೇಕಿತ್ತು ನನಗೆ.

ಹತ್ತು ಗಂಟೆಗೆ ಗೋಡೌನ್ ಎದುರಿನ ರುದ್ರಮ್ಮನ ಅಂಗಡಿಯಲ್ಲಿ ಟೀ ಕುಡಿಯುತ್ತ ನಿಂತೆ. ಗೇಟಿನೊಳಗೆ ಕಂಟೇನರ್ ಲಾರಿ. ಚಕ್ರಕ್ಕೆ ನಿಂಬೆಹಣ್ಣು, ಬಾಗಿಲಿಗೆ ಅರಿಶಿನ ಕುಂಕುಮ. ಪೂಜೆ ಆಗದೆ ಚನ್ನೇಶನ ಯಾವ ಗಾಡಿಯೂ ಕದಲುವುದಿಲ್ಲ. ಯಜಮಾನ ಊರಲ್ಲಿಲ್ಲದಿದ್ದರೂ ಫೋನಿನಲ್ಲೇ ಪೂಜೆ ಮಾಡಿಸುತ್ತಾನೆ. ಭಕ್ತಿ ಎಂದರೆ ಹಾಗಿರಬೇಕು!

ಮಧುಕುಮಾರ್ ರಸ್ತೆ ದಾಟಿ ಬಂದ.

“ರುದ್ರವ್ವ, ಒಂದು ಕಾಯಿ ಕೊಡು. ಬೇಗ.”

“ಏನಂದೆ?”

“ಕಾಯಿ. ತೆಂಗಿನಕಾಯಿ. ಒಡೆಯಾಕೆ.”

ರುದ್ರಮ್ಮ ಅವನನ್ನೂ ನೋಡಿದಳು, ಹಿಂದಿನ ಗೋಡೌನನ್ನೂ ನೋಡಿದಳು.

“ಅಲ್ಕಣ್ಲಾ ಮಧು, ಲಕ್ಷ ಕಾಯಿ ಮೇಲೆ ಕೂತಿರೋ ಗೋಡೌನ್‌ನೋರು ನನ್ನ ಗೂಡಂಗಡೀಲಿ ಕಾಯಿ ಕೊಳ್ತೀರಾ? ನಿಮ್ಮ ಕಾಯಿಗೇನು ಮೈಲಿಗೆ ಆಗೈತಾ?”

“ಮಾತು ಬ್ಯಾಡ. ಜುಟ್ಟು ಇರೋದು ನೋಡಿ ಕೊಡು.”

“ನನ್ನತ್ರ ಇರೋವೆಲ್ಲ ಜುಟ್ಟಿನವೇ. ನಿಮ್ಮವು ಯಾವಾಗ ಬೋಳಿಸ್ಕೊಂಡ್ವು?”

ಅವನು ಕಾಯಿ ಕಿತ್ತುಕೊಂಡು ಓಡಿದ.

ಟೀ ಲೋಟ ಕೆಳಗಿಟ್ಟೆ.

ನೋಡಿ, ನಮ್ಮ ಕಡೆ ಯಾವನೇ ಕಾಯಿ ಸುಲಿಯಲಿ, ಜುಟ್ಟು ಬಿಟ್ಟೇ ಸುಲಿಯುತ್ತಾನೆ. ಫ್ಯಾಕ್ಟರಿಗೆ ಹೋಗುವ ಕಾಯಿಗೂ ಹಾಗೇ. ಜುಟ್ಟಿನ ಕೆಳಗೆ ಕಾಯಿಯ ಕಣ್ಣು ಮುಚ್ಚಿರುತ್ತದೆ, ಬೇಗ ಕೆಡುವುದಿಲ್ಲ. ಜುಟ್ಟಿಲ್ಲದ್ದು ದೇವರಿಗೂ ಆಗುವುದಿಲ್ಲ. ಹೊರದೇಶದ ಮಿಷಿನ್ನಿಗೆ ಈ ಕಟ್ಟುಪಾಡು ಗೊತ್ತಿಲ್ಲ. ಬುಡದಿಂದ ತುದಿಯವರೆಗೆ ನುಣ್ಣಗೆ ಬೋಳಿಸಿ ಕಳಿಸುತ್ತದೆ.

ಚನ್ನೇಶ್ ಎರಡು ಸರ್ಕಾರಗಳಿಗೆ ಸುಳ್ಳು ಹೇಳಲು ತಯಾರಿದ್ದ. ದೇವರಿಗೆ ಬೋಳು ಕಾಯಿ ಒಡೆಯಲು ಮಾತ್ರ ಧೈರ್ಯ ಸಾಲಲಿಲ್ಲ!

ಎಲ್ಲರೂ ಲಾರಿಯ ಮುಂದೆ ಕೈ ಮುಗಿದು ನಿಂತಿದ್ದಾಗ ನಾನು ಹಿಂದಿನ ಬಾಗಿಲಿನಿಂದ ಒಳಗೆ ಹೋದೆ. ಕಾಯಿಯ ಕಂದು ಸಿಪ್ಪೆ ಹೆರೆಯುವ ಹೆಂಗಸರು ಸಾಲಾಗಿ ಕೂತಿದ್ದರು. ಕೊನೆಯಲ್ಲಿದ್ದ ಸಣ್ಣತಾಯಮ್ಮನಿಗೆ ನನ್ನ ಗುರುತಿತ್ತು. ಹಾಸ್ಟೆಲಿನಲ್ಲಿ ನಮಗೆ ಮುದ್ದೆ ಕಟ್ಟಿ ಹಾಕಿದವಳು.

“ಸಿದ್ಧಾರ್ಥ ಅಲ್ವೇನ್ಲಾ? ಇಲ್ಲೇನ್ ಮಾಡ್ತಿದೀಯ?”

“ಅವ್ವ, ಇವು ಎಲ್ಲೀ ಕಾಯಿ?”

“ನಮ್ಮವಲ್ಲ ಬುಡು. ಸಿಪ್ಪೆ ಹೆರೀತಿದ್ದಂಗೇ ಗೊತ್ತಾಗ್ತದೆ. ತಿಂದ್ರೆ ಸಪ್ಪೆ. ಹಡಗಿನಾಗೆ ಬಂದವಂತೆ, ಆಫ್ರಿಕಾ ಕಡೆಯಿಂದ.” ದನಿ ತಗ್ಗಿಸಿದಳು. “ಚೀಲ ಸುಟ್ಟಾಕಿದ್ರು. ಒಂದು ಮಾತ್ರ ನಾನು ಕೂರಾಕೆ ಇಟ್ಕೊಂಡಿವ್ನಿ.”

ಎದ್ದು ನಿಂತಳು. ಚೀಲದ ಮೇಲೆ ಯಾವುದೋ ದೂರದ ಬಂದರಿನ ಹೆಸರು. ಅದನ್ನೂ ಒಂದು ಬೋಳು ಕಾಯಿಯನ್ನೂ ಬ್ಯಾಗಿಗೆ ತುರುಕಿದೆ. ತಿರುಗಿದೆ...

ಮಚ್ಚು! ಈಗ ನೀವು ಮೊದಲಿನ ಜಾಗಕ್ಕೆ ಬಂದಿರಿ.

“ಬ್ಯಾಗ್ ಕೆಳಗಿಕ್ಕು,” ಎಂದ ಮಧುಕುಮಾರ್.

“ಪೂಜೆ ಮುಗೀತಾ?”

“ಇಕ್ಕು ಅಂದೆ!”

ಅಷ್ಟರಲ್ಲಿ ಪಕ್ಕದಲ್ಲಿ ದಡಾರ್ ಎಂದಿತು. ಒಡೆದ ಕಾಯಿಗಳ ನೀರು ತುಂಬಿದ್ದ ಡ್ರಮ್ಮು ಮಗುಚಿಕೊಂಡಿತ್ತು. ಹುಳಿತ ನೀರು, ಜಾರುವ ನೆಲ. ಮಧುಕುಮಾರನ ಎರಡೂ ಕಾಲು ಗಾಳಿಯಲ್ಲಿ!

“ಅಯ್ಯೋ ಶಿವನೇ, ಕೈ ತಾಗ್ಬುಡ್ತಲ್ಲಪ್ಪ!” ಎಂದಳು ಸಣ್ಣತಾಯಮ್ಮ. ಅವಳ ಮುಖದಲ್ಲಿ ಪಶ್ಚಾತ್ತಾಪದ ಗುರುತೂ ಇರಲಿಲ್ಲ.

ಓಡಿದೆ.

ಗೇಟಿನಾಚೆ ಪ್ರತಿಮಾ ನನ್ನ ಬೈಕಿನ ಪಕ್ಕ ನಿಂತಿದ್ದಳು. ಹತ್ತಿಸಿಕೊಂಡು ಹಳೇಬೀಡಿನ ಕಡೆ ಬಿಟ್ಟೆ; ಆ ಬೋಳು ಕಾಯಿ ಆಂದ್ರೇಯಾಸನ ಕಣ್ಣಿಗೆ ಬೀಳಬೇಕಿತ್ತು. ಹಾರನಹಳ್ಳಿ ದಾಟುವಷ್ಟರಲ್ಲಿ ಕನ್ನಡಿಯಲ್ಲಿ ಮಧುಕುಮಾರನ ಬೊಲೆರೊ ಕಾಣಿಸಿತು.

“ಬರ್ತಿದಾನೆ!” ಕಿರುಚಿದಳು.

“ನೋಡಿದೆ. ನೀನು ಗಟ್ಟಿಯಾಗಿ ಹಿಡ್ಕೋ.”

ಜಾವಗಲ್ಲಿನ ಸಂತೆಬೀದಿಯಲ್ಲಿ ಟೊಮೆಟೊ ಗಾಡಿಯ ಸಂದಿಯಲ್ಲಿ ನುಗ್ಗಿದೆ. ಬೊಲೆರೊ ಸಿಕ್ಕಿಕೊಂಡಿತು. ಹಾರನ್ನು, ಬೈಗುಳ... ಐದು ನಿಮಿಷ ಸಿಕ್ಕಿತು ನಮಗೆ.

ಹಳೇಬೀಡಿನ ದೇವಸ್ಥಾನದ ಮುಂದೆ ಚನ್ನೇಶನ ಬಿಳಿ ಕಾರಿರಲಿಲ್ಲ. ಎಳನೀರಿನವನನ್ನು ಕೇಳಿದೆ.

“ಕೆಂಪು ಮೂತಿಯೋನಾ? ಆಗ್ಲೇ ಬೇಲೂರಿಗೆ ಹೋದ್ರು ಸಾ. ಕಲ್ಲು ಸಾಕು, ಊಟ ಎಲ್ಲಿ ಅಂತಿದ್ದ.”

ಹಿಂದೆ ತಿರುಗಿದರೆ ಬೊಲೆರೊ ಬೇಲೂರು ರಸ್ತೆಗೆ ಅಡ್ಡ ನಿಂತಿತ್ತು. ಬೈಕನ್ನು ಹುಲಿಕೆರೆ ಕಡೆ ತಿರುಗಿಸಿದೆ. ಬೇರೆ ದಾರಿಯಿಂದ ಸುತ್ತಿ ಬರುವ ಯೋಚನೆ. ನನ್ನ ಬೈಕಿಗೆ ಆ ಯೋಚನೆ ಇರಲಿಲ್ಲ. ಹುಲಿಕೆರೆಯ ಕಲ್ಯಾಣಿಯ ಹತ್ತಿರ ಕೆಮ್ಮಿ ನಿಂತಿತು.

ಕಲ್ಲಿನ ಮೆಟ್ಟಿಲಿಳಿದು ಒಂದು ಪುಟ್ಟ ಗೂಡಿನ ಮರೆಯಲ್ಲಿ ಕೂತೆವು. ಕೆಳಗೆ ಹಸಿರು ನೀರು.

“ಇಲ್ಲಿಗೆ ಬರಲ್ಲ ಅಲ್ವಾ?”

“ಬೈಕ್ ಮೇಲ್ಗಡೆ ರಸ್ತೇಲೇ ನಿಂತಿದೆ, ಪ್ರತಿಮಾ. ಅವನಿಗೆ ಕಣ್ಣಿದೆ.”

ಬಂದ. ಮೊದಲು ನನ್ನ ಕೈಯಿಂದ ಕೀಲಿ ಕಿತ್ತು ನೀರಿಗೆಸೆದ. ಆಮೇಲೆ ಕೊರಳಪಟ್ಟಿ ಹಿಡಿದು ನನ್ನನ್ನು ಮೆಟ್ಟಿಲಿನ ಅಂಚಿಗೆ ಬಗ್ಗಿಸಿದ.

“ಬ್ಯಾಗ್ ಕೊಡು. ಇಲ್ಲಾ ನೀನೂ ಕೀಲಿ ಹಿಂದೆ ಹೋಗ್ತೀಯ.”

“ಮಧು, ಬಿಡೋ ಅವನ್ನ!” ಪ್ರತಿಮಾ ಎದ್ದಳು. “ನಂಗೂ ಯಜಮಾನ್ರಿಗೂ ಇರೋ ವಿಷಯ ಇದು.”

“ಮೇಡಂ, ನಂಗ್ಯಾವ ವಿಷಯಾನೂ ಬ್ಯಾಡ. ಬ್ಯಾಗ್ ತತ್ತಾ ಅಂದವ್ರೆ, ತಗೊಂಡೋಗ್ತೀನಿ.”

“ಅದರಲ್ಲೇನಿದೆ ಅಂತ ಗೊತ್ತಾ ನಿಂಗೆ?”

“ಕಾಯಿ.”

“ಒಂದು ಕಾಯಿಗೆ ಒಬ್ಬನ್ನ ಮುಳುಗಿಸ್ತೀಯಾ?”

ಅವನು ಯೋಚಿಸಿದ. ಮುಖ ನೋಡಿದರೆ ಅದು ಅವನಿಗೆ ಶ್ರಮದ ಕೆಲಸ ಎಂದು ತಿಳಿಯುತ್ತಿತ್ತು. ಉತ್ತರ ಸಿಗುವ ಮೊದಲೇ ಮೇಲಿನಿಂದ ಗಲಾಟೆ ಕೇಳಿಸಿತು.

ಶಾಲಾ ಪ್ರವಾಸ! ನೀಲಿ ಯೂನಿಫಾರ್ಮಿನ ಎಂಬತ್ತು ಮಕ್ಕಳು ಮೆಟ್ಟಿಲ ಮೇಲಿಂದ ಸುರಿದರು. ಹಿಂದೆ ಪೀಪಿ ಊದುತ್ತ ಒಬ್ಬ ಮೇಷ್ಟ್ರು.

“ಏಯ್ ಸ್ವಾಮಿ, ಸ್ವಲ್ಪ ಸರೀರಿ! ಗ್ರೂಪ್ ಫೋಟೋ. ನಿಮ್ಮ ಜಗಳ ಆಮೇಲೆ ಆಡ್ಕೊಳ್ಳಿ.”

ಎಂಬತ್ತು ಜೊತೆ ಕಣ್ಣು ಮಧುಕುಮಾರನ ಮೇಲೆ. ಕೊರಳಪಟ್ಟಿ ಬಿಟ್ಟ. ಪ್ರತಿಮಾ ಬ್ಯಾಗ್ ತಗಲಿಸಿಕೊಂಡು ಮಕ್ಕಳ ನಡುವೆ ನುಸುಳಿದಳು. ನಾನು ಹಿಂಬಾಲಿಸಿದೆ. ರಸ್ತೆಗೆ ಬಂದು ಒಂದು ಗೂಡ್ಸ್ ಆಟೋಗೆ ಅಡ್ಡ ನಿಂತೆವು. ಹಸುವಿನ ಹಿಂಡಿ ಮೂಟೆಗಳ ಮೇಲೆ ಕೂತು ಬೇಲೂರು ತಲುಪಿದೆವು. ಎರಡು ಖಂಡಗಳ ವ್ಯಾಪಾರ ಸರಿಪಡಿಸಲು ಹೊರಟವರ ವೈಭವ!

ಬೇಲೂರಿನ ದೇವಸ್ಥಾನದ ಅಂಗಳದಲ್ಲಿ ಮಧ್ಯಾಹ್ನದ ಬಿಸಿಲಿಗೆ ಕಲ್ಲು ಕಾದಿತ್ತು. ಆಂದ್ರೇಯಾಸ್ ಕೆಂಪು ಸಾಕ್ಸಿನಲ್ಲಿ ಕುಣಿಯುತ್ತಿದ್ದ. ಗೈಡು ಒಂದು ಶಿಲಾಬಾಲಿಕೆಯ ಉಗುರಿನ ಬಗ್ಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಚನ್ನೇಶ್ ಗೈಡಿಗೆ ನಿಧಾನ, ನಿಧಾನ ಎಂದು ಕೈಸನ್ನೆ ಮಾಡುತ್ತಿದ್ದ. ಕಂಕುಳಲ್ಲಿ ಹಸಿರು ಫೈಲು.

ಪ್ರತಿಮಾ ನೇರ ಹೋದಳು.

“ಸಾರ್, ನಾನು ಸೈನ್ ಹಾಕಿರೋ ಪೇಪರ್ ವಾಪಸ್ ಕೊಡಿ.”

ಚನ್ನೇಶ್ ನಕ್ಕ. “ಏನಮ್ಮ ಪ್ರತಿಮಾ, ದೇವಸ್ಥಾನ ನೋಡಬೇಕು ಅಂದಿದ್ರೆ ಕಾರಲ್ಲೇ ಕರ್ಕೊಂಡು ಬರ್ತಿದ್ದೆ. ಮೈಯೆಲ್ಲ ಹಿಂಡಿ ಬಳ್ಕೊಂಡು ಬಂದಿದೀಯ.” ನನ್ನ ಕಡೆ ತಿರುಗಿದ. “ನೀನ್ಯಾರಪ್ಪ?”

“ಸರ್ವೇಯರ್.”

“ಓ... ಆ ಹಾಸ್ಟೆಲ್ ಹುಡುಗ. ಮಧು ಫೋನಲ್ಲಿ ಹೇಳ್ದ.”

“ಹೌದು. ಅಲ್ಲಿ ಲೈಬ್ರರಿ ಇತ್ತು. ಓದೋ ಅಭ್ಯಾಸ ಆಯ್ತು. ನಿಮ್ಮ ಒಪ್ಪಂದಾನೂ ಪೂರ್ತಿ ಓದಿದೀನಿ.”

ಬ್ಯಾಗಿನಿಂದ ಕಾಯಿ ತೆಗೆದು ಆಂದ್ರೇಯಾಸನ ಕೈಗಿಟ್ಟೆ. ಬಂದರಿನ ಹೆಸರಿನ ಚೀಲ ಹರಡಿದೆ. ಜುಟ್ಟಿನ ಕತೆ ಹೇಳಿದೆ. ಲಕ್ಷ ಕಾಯಿಯ ಮೇಲೆ ಕೂತವರು ಒಂದು ಕಾಯಿಗೆ ಗೂಡಂಗಡಿಗೆ ಹೋದ ಕತೆಯನ್ನೂ ಹೇಳಿದೆ. ಅವನು ಕಾಯಿಯನ್ನು ಎರಡು ಸಲ ತಿರುಗಿಸಿ ನೋಡಿದ. ಚನ್ನೇಶನ ವಿಭೂತಿ ಬೆವರಿಗೆ ಕರಗುತ್ತಿತ್ತು.

ಆಂದ್ರೇಯಾಸ್ ಕಾಯಿಯನ್ನು ನನಗೇ ವಾಪಸ್ ಕೊಟ್ಟ.

“ಪುಡಿಯ ಲ್ಯಾಬ್ ವರದಿ ಚೆನ್ನಾಗಿದೆ,” ಎಂದ ಇಂಗ್ಲಿಷಿನಲ್ಲಿ. “ನಮ್ಮ ಕಸ್ಟಮ್ಸ್‌ನವರು ಕೇಳುವುದು ಕಾಗದ. ಕಾಯಿ ಅಲ್ಲ.”

ಅವನಿಗೆ ಗೊತ್ತಿತ್ತು! ಮೊದಲಿನಿಂದಲೂ ಗೊತ್ತಿತ್ತು. ಗೋಡೌನ್ ನೋಡಬಾರದೆಂದು ಅವನನ್ನು ಊರೂರು ಸುತ್ತಿಸಿದರಲ್ಲ, ಸುತ್ತಲು ಅವನೂ ಅಷ್ಟೇ ಸಂತೋಷದಿಂದ ಒಪ್ಪಿದ್ದ. ಆಫ್ರಿಕಾದವನು ಕಾಯಿ ಕೊಟ್ಟ, ಏಷ್ಯಾದವನು ಹೆಸರು ಕೊಟ್ಟ, ಯುರೋಪಿನವನು ಕಣ್ಣು ಮುಚ್ಚಿಕೊಂಡ. ಖಂಡಗಳ ನಡುವಿನ ಸಹಕಾರ ಎಂದರೆ ಇದೇ!

ಚನ್ನೇಶ್ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. “ಆಯ್ತಲ್ಲಪ್ಪ? ಕಾಯಿ ದೇವರಿಗೆ ಒಡೆದು ಮನೆಗೆ ಹೋಗು. ಓ, ಜುಟ್ಟಿಲ್ಲ ಅಲ್ವಾ!”

ನಿಜ ಹೇಳಬೇಕೆಂದರೆ, ನಾನು ಸೋತಿದ್ದೆ.

ಪ್ರತಿಮಾ ಮುಂದೆ ಬಂದಳು. ಅವಳ ಇಂಗ್ಲಿಷು ಹುಷಾರಿಯದು, ಒಂದೊಂದೇ ಮಾತು ಇಟ್ಟು ನಡೆಯುವಂಥದ್ದು.

“ಅದು ನನ್ನ ಸಹಿ. ಅನುಮಾನ ಬಂದರೆ ನಿಮ್ಮ ಕಸ್ಟಮ್ಸ್‌ನವರು ನಮ್ಮ ಸರ್ಕಾರಕ್ಕೆ ಬರೆಯುತ್ತಾರೆ. ಸರ್ಕಾರ ನನ್ನನ್ನು ಕೇಳುತ್ತದೆ. ನಾನು ಸುಳ್ಳು ಹೇಳುವುದಿಲ್ಲ. ಅನುಮಾನ ಬರದಿದ್ದರೆ ನಾನೇ ಪತ್ರ ಬರೆದು ಬರುವಂತೆ ಮಾಡುತ್ತೇನೆ. ಬಿಟ್ಟ ಸುಂಕ ಕಟ್ಟುವುದು ನೀವು. ದಂಡ ಕಟ್ಟುವುದೂ ನೀವು. ಆಮೇಲೆ ಹಿಂದೆ ಬಂದ ಕಂಟೇನರ್‌ಗಳನ್ನೆಲ್ಲ ತೆಗೆದು ನೋಡುತ್ತಾರೆ.”

ಕಾದ ಕಲ್ಲಿನ ಮೇಲೆ ಆಂದ್ರೇಯಾಸ್ ಕುಣಿಯುವುದು ನಿಂತಿತು.

“ಇವಳು ಹೇಳ್ತಾಳೆ ಅಷ್ಟೆ, ಸಾರ್, ಹೆಂಗಸು...” ಎಂದು ಶುರು ಮಾಡಿದ ಚನ್ನೇಶ್.

ಆಂದ್ರೇಯಾಸ್ ಕೈ ಚಾಚಿ ಫೈಲು ತೆಗೆದುಕೊಂಡ. ಹಾಳೆಯನ್ನು ಎರಡು ಬೆರಳಿನಲ್ಲಿ, ಸತ್ತ ಇಲಿ ಎತ್ತಿದ ಹಾಗೆ, ಎತ್ತಿ ಪ್ರತಿಮಾಗೆ ಕೊಟ್ಟ.

“ಈ ಸಹಿ ಬೇಡ,” ಎಂದ ಚನ್ನೇಶನಿಗೆ. “ಐದು ಗಂಟೆಯೊಳಗೆ ಬೇರೆ ಸಹಿ ತನ್ನಿ.”

ಬೇರೆ ಕಾಯಿ ತನ್ನಿ ಎನ್ನಲಿಲ್ಲ, ಗಮನಿಸಿ.

“ನಾಳೆಯಿಂದ ಆಫೀಸಿಗೆ ಬರಬೇಡಮ್ಮ,” ಎಂದ ಚನ್ನೇಶ್. “ಈ ತಾಲೂಕಲ್ಲಿ ನಿಂಗೆ ಇನ್ಯಾರು ಕೆಲಸ ಕೊಡ್ತಾರೋ ನೋಡ್ತೀನಿ.”

“ನೋಡ್ತಾ ಇರಿ ಸಾರ್.”

ವಾಪಸ್ ಬಸ್ಸಿನಲ್ಲಿ ಅವಳು ಹಾಳೆಯನ್ನು ತೊಡೆಯ ಮೇಲೆ ಹರಡಿ ಸುಕ್ಕು ಬಿಡಿಸುತ್ತಿದ್ದಳು.

“ಹರಿದು ಎಸಿ,” ಎಂದೆ.

“ಯಾಕೆ ಎಸೀಲಿ? ಇಟ್ಕೋತೀನಿ. ನಾಳೆ ಕಸ್ಟಮ್ಸ್‌ಗೆ ಬರೆಯೋವಾಗ ಜೊತೆಗೆ ಲಗತ್ತಿಸಬೇಕು.”

“ಬರಿ. ಉತ್ತರ ಬರೋ ಹೊತ್ತಿಗೆ ಆ ಪುಡಿ ಚಾಕೊಲೇಟಾಗಿ ಯಾರಿಗೋ ಅರಗಿರುತ್ತೆ.”

“ಅರಗಲಿ ಬಿಡೋ. ನನ್ನ ಹೆಸರಲ್ಲಿ ಅರಗಲ್ವಲ್ಲ.”

ಸ್ವಲ್ಪ ಹೊತ್ತಾದ ಮೇಲೆ ಕಿಟಕಿಗೆ ತಲೆ ಒರಗಿಸಿ ನಿದ್ದೆ ಹೋದಳು. ಕೆಲಸ ಕಳೆದುಕೊಂಡವಳು ಅಷ್ಟು ಗಾಢವಾಗಿ ಮಲಗಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಮರುದಿನ ಬೆಳಗ್ಗೆ ನನ್ನ ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು.

“ಸಾ... ನಾನು ಸಾ. ಮಧು.”

“ಯಾವ ಮಧು?”

“ನಿನ್ನೆ... ಹುಲಿಕೆರೇಲಿ...”

“ಓ, ನೀನಾ! ಏನು, ಬೈಕಿನ ಕೀಲಿ ಸಿಕ್ತಾ?”

“ಇಲ್ಲ ಸಾ. ನಂಬರ್ನ ಸಣ್ಣತಾಯವ್ವ ಹಾಸ್ಟೆಲ್ನಾಗೆ ಕೇಳಿ ಕೊಟ್ಳು. ನನ್ನ ಎಕ್ಸ್‌ಪೋರ್ಟ್ ಮ್ಯಾನೇಜರ್ ಮಾಡವ್ರೆ ಸಾ! ನಿನ್ನೆ ನಾಕು ಗಂಟೆಗೆ. ಯಜಮಾನ್ರೇ ಸಾಲು ಹೊದಿಸಿದ್ರು.”

“ಒಳ್ಳೇದಾಯ್ತು.”

“ಒಂದು ಪೇಪರ್ಗೆ ಸೈನ್ ಹಾಕಿಸ್ಕೊಂಡ್ರು. ಇಂಗ್ಲಿಸ್ನಾಗೈತೆ. ಏನು ಅಂತ ಕೇಳಿದ್ಕೆ, ಪ್ರಮೋಸನ್ ಅಂದ್ರು. ನಮ್ಮನೆಯವ್ಳು, ಓದ್ದೆ ಯಾಕ್ ಹಾಕ್ದೆ ಅಂತ ರಾತ್ರಿಯಿಂದ ಪ್ರಾಣ ತಿಂತಾವ್ಳೆ. ಫೋಟೋ ಹೊಡ್ಕೊಂಡಿವ್ನಿ. ನೀವು ಓದ್ದೋರು... ಒಸಿ ನೋಡಿ ಹೇಳ್ತೀರಾ?”

“ಕಳಿಸು.”

ಬಂತು. ಅದೇ ಘೋಷಣೆ. ಕಣಕಟ್ಟೆಯಲ್ಲಿ ಬೆಳೆದ ಕಾಯಿ. ಸುಳ್ಳೆಂದು ಕಂಡರೆ ಸಂಪೂರ್ಣ ಹೊಣೆ ನನ್ನದು. ಕೆಳಗೆ ನೀಲಿ ಇಂಕಿನಲ್ಲಿ, ಕಾಪಿ ಬರೆದಷ್ಟು ದುಂಡಗೆ, ಕನ್ನಡದಲ್ಲಿ: ಮಧುಕುಮಾರ್.

“ಏನ್ ಬರ್ದವ್ರೆ ಸಾ?”

“ಮಧು, ನಿಂತಿದೀಯಾ, ಕೂತಿದೀಯಾ?”

“ನಿಂತಿವ್ನಿ ಸಾ. ಯಾಕೆ?”

“ಕೂತ್ಕೋ.”